ಕೌಂಟರಿನ ಎದುರಿನ ಸೀಟು

ರೋಷನನ ಮೊದಲ ಏಟಿಗೇ ಯತೀಶನ ತುಟಿ ಒಡೆಯಿತು. ಎರಡನೆಯ ಏಟಿಗೆ ಅವನು ಕುರ್ಚಿಯ ಸಮೇತ ಗೋಡೆಗೆ ಹೋಗಿ ಬಿದ್ದ. ಕುಂದಾಪುರದ ಆ ಪುಟ್ಟ ಗೇಮಿಂಗ್ ಸೆಂಟರಿನಲ್ಲಿ ಆಡುತ್ತಿದ್ದವರಲ್ಲಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಹೆಡ್‌ಫೋನ್ ಕಿತ್ತೆಸೆದು ಹೊರಗೋಡಿದರು.

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಎತ್ತಿ ಎತ್ತಿ ಗಟ್ಟಿಯಾದ ಕೈ ಅದು.

"ನನ್ ತಂಗಿ ದಿನಾ ಅತ್ಕಂಡ್ ಮನೆಗ್ ಬತ್ಲ್. ಎಂತ ಮಾಡ್ದೆ ನೀ ಅವ್ಳಿಗೆ?"

ಯತೀಶನಿಗೆ ಒಂದೂ ಅರ್ಥವಾಗಲಿಲ್ಲ. ಪ್ರಣೀತಾಳನ್ನು ಅಳಿಸುವುದು ಹಾಗಿರಲಿ, ತನ್ನದೇ ಅಂಗಡಿಯಲ್ಲಿ ಅವಳೆದುರು ನೆಟ್ಟಗೆ ನಿಲ್ಲುವುದಕ್ಕೂ ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಆಟದ ನಡುವೆ ಅವಳು ಓರೆಗಣ್ಣಿನಲ್ಲಿ ಕೌಂಟರಿನತ್ತ ನೋಡುವಳು. ಅವನು ಕೂಡಲೇ ಕೇಬಲ್ ಸರಿ ಮಾಡುವವನಂತೆ ಬಾಗುವನು. ಅವಳ ತುಟಿಯ ಒಂದೇ ಮೂಲೆಯಲ್ಲಿ ನಗು ಹುಟ್ಟಿ, ಅಲ್ಲೇ ಅಡಗುವುದು. ಈವರೆಗಿನ ಅವರ ಪ್ರೀತಿಯೆಂದರೆ ಅಷ್ಟೇ.

ರೋಷನ್ ಕೀಬೋರ್ಡ್ ಕಿತ್ತು ಅವನ ಹೆಗಲಿಗೆ ಬೀಸಿದ. ಕೀಲಿಗಳು ಹಲ್ಲಿನಂತೆ ಉದುರಿದವು. ಇವತ್ತಿನಿಂದ ತಂಗಿ ಈ ಹೊಸಿಲು ದಾಟುವುದಿಲ್ಲ ಎಂದು ಆಣೆ ಹಾಕಿದ. ತನ್ನ ಸೀಟಿನಿಂದೆದ್ದು ತಡೆಯಲು ಬಂದ ಪ್ರಣೀತಾಳ ಗಲ್ಲ ಹಿಡಿದು ತಿರುಗಿಸಿ, ಅವಳ ಕೆಂಪಾದ, ನೀರು ಸುರಿಯುವ ಕಣ್ಣುಗಳನ್ನು ಸಾಕ್ಷಿಯಂತೆ ತೋರಿಸಿದ.

"ಅತ್ತದ್ದಲ್ಲ ಅಣ್ಣ. ಆ ಸ್ಕ್ರೀನಿಗೆ ಕಣ್ ಉರಿತ್ತ್. ತಲೆ ಸಿಡಿತ್ತ್."

ಯತೀಶ್ ನೆಲದಿಂದಲೇ ಅವಳ ಮಾನಿಟರ್ ನೋಡಿದ. ಆಗ ತಿಳಿಯಿತು.

ಆಟದಲ್ಲಿ ಓಡುವ ಶತ್ರು ಮಸುಕಾಗಿ ಕಾಣುತ್ತಿದ್ದುದರಿಂದ ಅವಳು ಸೋಲುತ್ತಿದ್ದಳು. ಅವಳನ್ನು ಕೇಳದೆ ಅವನೇ ಆ ಮಾನಿಟರಿನಲ್ಲಿ ಮಸುಕು ಕಳೆಯುವ ಮೋಡ್ ಹಾಕಿದ್ದ. ಪ್ರತಿ ಎರಡು ಚಿತ್ರಗಳ ನಡುವೆ ಪರದೆಯ ಬೆಳಕು ಆರಿ ಹೊತ್ತುತ್ತದೆ. ಚಲನೆ ಕತ್ತಿಯಲ್ಲಿ ಕೊರೆದಷ್ಟು ಸ್ಪಷ್ಟ. ಆದರೆ ಕಾಣದ ಆ ಮಿಟುಕನ್ನು ಎಲ್ಲ ಕಣ್ಣೂ ತಾಳುವುದಿಲ್ಲ. ಅವಳು ಗೆಲ್ಲತೊಡಗಿದಳು, ಅವನು ಗುಟ್ಟಾಗಿ ಹಿಗ್ಗಿದ.

"ತಪ್ಪ್ ನಂದೇ," ಎಂದ. "ಹೊಡಿ."

ರೋಷನ್ ಹೊಟ್ಟೆಗೆ ಗುದ್ದಿದ. ಮತ್ತೆ ಎತ್ತಿದ ಕೈಗೆ ಪ್ರಣೀತಾ ಬಾಯಿ ಹಾಕಿದಳು. ಹಲ್ಲು ಇಳಿದು ರಕ್ತ ಬರುವವರೆಗೂ ಬಿಡಲಿಲ್ಲ.

ಯತೀಶ್ ಏದುಸಿರು ಬಿಡುತ್ತಲೇ, ನೋವಾದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳ್ರೆ ನೀ ನನ್ನ ಬೇರೆ ಸೀಟಿಗೆ ಕೂರ್ಸ್ತಿದ್ದೆ." ಅವಳ ದನಿ ಇಳಿಯಿತು. "ಅಲ್ಲಿಂದ ನೀ ಕಾಂತಿಲ್ಲೆ."



ರೋಷನ್ ತನ್ನ ಮಣಿಕಟ್ಟಿನ ಹಲ್ಲಿನ ಗುರುತು ನೋಡಿಕೊಂಡ. ಹಾಗಾದರೆ ಇವನಿಂದಲ್ಲವೇ ನಿನಗೆ ಇಷ್ಟೆಲ್ಲ ನೋವು ಎಂದು ಕೇಳಿದ.

"ಇವ್ನಿಂದ್ಲೇ. ಆದ್ರೂ ನಂಗ್ ಇವ್ನೇ ಬೇಕ್."

ರೋಷನ್ ಯತೀಶನ ಕಾಲರ್ ಹಿಡಿದು ಎತ್ತಿ ನಿಲ್ಲಿಸಿದ. ಯತೀಶ್ ಕಣ್ಣು ಮುಚ್ಚಿ ಮುಂದಿನ ಏಟಿಗೆ ಕಾದ. ಅದು ಬೀಳಲಿಲ್ಲ.

"ಮನೆಗ್ ಬಂದ್ ಅಮ್ಮನ್ ಹತ್ರ ನೀನೇ ಇವ್ಳನ್ನ ಕೇಳ್," ಎಂದು ಕಾಲರ್ ಬಿಟ್ಟು, ಹೊರಗೆ ಹೋಗಿ ಬೈಕಿಗೆ ಒರಗಿ ನಿಂತ.

ಪ್ರಣೀತಾ ವೇಲಿನ ತುದಿಯನ್ನು ಯತೀಶನ ತುಟಿಗೆ ಒತ್ತಿ ಹಿಡಿದಳು. ಇಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ. ಈ ಸಲ ಅವನು ಬಾಗಿ ತಪ್ಪಿಸಿಕೊಳ್ಳಲಿಲ್ಲ.

"ಬತ್ಯಾ?"

ಬಾಯಿ ತೆರೆದರೆ ಗಾಯ ಮತ್ತೆ ಬಿರಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಬತ್ತೆ," ಎಂದ.