ಚೀಲದ ತುಂಬ ನಡೆಯದ ರೊಕ್ಕ

ನವೆಂಬರ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ರಾವಸಾಬ ಬಾಯಿಗೆ ಟವೆಲ್ ಒತ್ತಿಕೊಂಡು ಸಿಂದಗಿ ಪೊಲೀಸ್ ಠಾಣೆಯ ಮೆಟ್ಟಿಲೇರಿದ. ಬಸ್ ಸ್ಟ್ಯಾಂಡಿನ ಎದುರಿಗೆ ಅವನದೊಂದು ಔಷಧ ಅಂಗಡಿ. ಅವನ ಬೆನ್ನಿಗೆ ಆ ಸಾಲಿನ ಅಂಗಡಿಕಾರರೆಲ್ಲ ಬಂದಿದ್ದರು. ಎಲ್ಲರೂ ಒಮ್ಮೆಲೇ ಬಾಯಿ ಮಾಡುತ್ತಿದ್ದುದರಿಂದ ಪಿಎಸ್‌ಐ ಬಸಂತರಾಯನಿಗೆ ಮೊದಲು ಒಂದಕ್ಷರವೂ ತಿಳಿಯಲಿಲ್ಲ.

"ಸುಮ್ಮ ಆಗ್ರಿ ಎಲ್ಲಾರೂ. ಹೊಡಸ್ಕೊಂಡಾವ ಮಾತಾಡ್ಲಿ."

ರಾವಸಾಬ ಟವೆಲ್ ಸರಿಸಿದ. ಮುಂದಿನ ಎರಡು ಹಲ್ಲು ಮುರಿದಿದ್ದವು. ದವಡೆ ಬಾತು ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು.

"ಇಬ್ರು ಬಂದ್ರು ಸಾಹೇಬ್ರ. ಮಾರಿಗೆ ಅರಿವಿ ಕಟ್ಕೊಂಡಿದ್ರು."

"ಹೆಂಗ ಬಂದ್ರು?"

"ಬೈಕ್ ಮ್ಯಾಲ್ರಿ."

"ನಂಬರು?"

"ನೋಡ್ಲಿಲ್ರಿ. ಗಲ್ಲಾ ತಗಿ ಅಂದ್ರು. ಒಲ್ಲೆ ಅಂದೆ. ಹೊಡದ್ರು."

"ಏನ್ ಒಯ್ದ್ರು?"

"ಏನೂ ಒಯ್ದಿಲ್ರಿ."

ಸುಲಿಗೆ ಯತ್ನ, ತೀವ್ರ ಗಾಯ ಎಂದು ಎಫ್‌ಐಆರ್ ದಾಖಲಾಯಿತು. ಹಲ್ಲು ಮುರಿದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯವೇ. ನಾಳೆ ಸಂಜೆಯೊಳಗೆ ಆರೋಪಿ ಸಿಗದಿದ್ದರೆ ಮಾರ್ಕೆಟ್ ಬಂದ್ ಮಾಡುತ್ತೇವೆ ಎಂದು ಅಂಗಡಿಕಾರರು ಹೇಳಿಹೋದರು. ಬಂದ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬಸಂತರಾಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಲಕ್ಕೆ ನೀರು ಬರಲಿಲ್ಲವೆಂದು ಬಂದ್ ಮಾಡದವರು, ತಮ್ಮ ಪೈಕಿ ಒಬ್ಬನ ಎರಡು ಹಲ್ಲಿಗೆ ಊರನ್ನೇ ಮುಚ್ಚಲು ಹೊರಟಿದ್ದರು.

ಪಂಚನಾಮೆಗೆ ಅವನ ಜೊತೆ ಹೆಡ್ ಕಾನ್‌ಸ್ಟೇಬಲ್ ಗೈಬುಸಾಬ ಮತ್ತು ಮಹಿಳಾ ಕಾನ್‌ಸ್ಟೇಬಲ್ ರೇಣುಕಾ ಹೊರಟರು. ಅಂಗಡಿಯ ಕೌಂಟರಿನ ಒಳಗೆ, ಔಷಧದ ಡಬ್ಬಿಗಳ ಸಂದಿಯಲ್ಲಿ, ಹೊರಗೆ ಗಟಾರದವರೆಗೂ ನಾಣ್ಯಗಳು ಚೆಲ್ಲಾಡಿ ಬಿದ್ದಿದ್ದವು. ಎಲ್ಲವೂ ಹತ್ತು ರೂಪಾಯಿಯವು. ಅವುಗಳ ನಡುವೆ ಬಾಯಿ ಹರಿದ ಒಂದು ಕೈಚೀಲ. ನೀಲಿ ಚೌಕಡಿಯ ದಪ್ಪ ಬಟ್ಟೆ, ಎರಡೆರಡು ಸಲ ಹೊಲಿಗೆ ಹಾಕಿದ್ದು. ಬಸಂತರಾಯ ಎತ್ತಿ ಮೂಸಿದ. ಫಿನಾಯಿಲ್ ವಾಸನೆ ಮೂಗಿಗೆ ಅಡರಿತು.

"ಇಪ್ಪತ್ತ್ ವರ್ಷದಾಗ ರೊಕ್ಕ ಬಿಟ್ಟು ಓಡಿ ಹ್ವಾದ ಕಳ್ಳನ್ನ ನಾ ನೋಡಿಲ್ರಿ ಸಾಹೇಬ್ರ," ಎಂದ ಗೈಬುಸಾಬ.

ಬಸಂತರಾಯ ರಾವಸಾಬನ ಕಡೆ ತಿರುಗಿದ. "ಸಾವಕಾರ್ರ, ಇವು ನಿಮ್ಮ ಗಲ್ಲಾದಾಗಿನವ ಏನು?"

"ಛೇ ಛೇ. ನಾ ಹತ್ತರ ಕಾಯಿನ್ ತಗೊಳ್ಳೂದs ಇಲ್ರಿ. ನಮ್ಮ ಕಡೆ ನಡೆಯೂದಿಲ್ಲಲ್ರಿ ಅದು."

ನಡೆಯುವುದಿಲ್ಲ ಎಂದು ಯಾರು ಹೇಳಿದರೋ ದೇವರಿಗೇ ಗೊತ್ತು. ನಡೆಯುತ್ತದೆ, ತೆಗೆದುಕೊಳ್ಳಿ ಎಂದು ರಿಸರ್ವ್ ಬ್ಯಾಂಕು ಗಂಟಲು ಹರಿದುಕೊಂಡು ಹೇಳಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಂಡಿಗೆ ಹೋಗಿ, ಮುದ್ದೇಬಿಹಾಳಕ್ಕೆ ಹೋಗಿ, ಬಸವನ ಬಾಗೇವಾಡಿಗೆ ಹೋಗಿ, ಚಹಾದಂಗಡಿಯವನ ಮುಂದೆ ಹತ್ತರ ನಾಣ್ಯ ಇಟ್ಟು ನೋಡಿ. ನೀವೇ ಟಂಕಿಸಿ ತಂದವರಂತೆ ನಿಮ್ಮ ಮುಖ ನೋಡುತ್ತಾನೆ. ಯಾಕಪ್ಪಾ ಎಂದರೆ, ನನಗೇನಿಲ್ಲ, ಮುಂದಿನವರು ತಗೊಳ್ಳೂದಿಲ್ಲ ಅನ್ನುತ್ತಾನೆ. ಆ ಮುಂದಿನವನನ್ನು ಇಂದಿನವರೆಗೆ ಕಣ್ಣಾರೆ ಕಂಡವರಿಲ್ಲ.

"ಕ್ಯಾಮೆರಾ ಐತಲ್ಲ ಮ್ಯಾಲೆ?"

"ಅದು ಕೆಟ್ಟೈತ್ರಿ. ಎರಡ್ಮೂರು ದಿನ ಆತು."

ಕ್ಯಾಮೆರಾದ ಕೆಂಪು ದೀಪ ಮಿಟುಕುತ್ತಿತ್ತು. ಬಸಂತರಾಯ ಅದನ್ನು ನೋಡಿದ, ರಾವಸಾಬನನ್ನು ನೋಡಿದ. ರೆಕಾರ್ಡಿಂಗ್ ಪೆಟ್ಟಿಗೆ ಬಿಚ್ಚಿಸಿ ಜಪ್ತಿಗೆ ಸೇರಿಸಲು ಗೈಬುಸಾಬನಿಗೆ ಹೇಳಿ ಪಕ್ಕದ ಕಿರಾಣಿ ಅಂಗಡಿಗೆ ಹೋದ.

"ಬೈಕ್ ಮ್ಯಾಲೆ ಬಂದ ಇಬ್ರನ್ನ ನೋಡಿದ್ಯಾ?"

"ಇಲ್ರಿ ಸಾಹೇಬ್ರ. ನಾ ಒಳಗಿದ್ದೆ. ನಾ ಅಂತೂ ಆಕಿಗೆ ಏನೂ ಅಂದಿಲ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸಂತರಾಯ ಸ್ಟೂಲ್ ಎಳೆದುಕೊಂಡು ಕೂತ.

"ಆಕಿ ಯಾರು?"

ಕಿರಾಣಿಯವನು ತಕ್ಕಡಿ ಒರೆಸತೊಡಗಿದ. ಮತ್ತೊಮ್ಮೆ ಕೇಳಿದರೂ ಒರೆಸುವುದನ್ನು ಬಿಡಲಿಲ್ಲ. ಅದರಾಚೆಯ ಮೊಬೈಲ್ ಅಂಗಡಿಯವನೂ ಚಹಾದವನೂ ನೆಲ ನೋಡಿದರು. ಹಗಲು ಹತ್ತು ಗಂಟೆಗೆ, ಜೋಳ ತೊಗರಿ ತಂದ ಮಂದಿಯೆಲ್ಲ ಓಡಾಡುವ ಹೊತ್ತಿನಲ್ಲಿ, ಇಡೀ ಸಾಲಿಗೆ ಒಮ್ಮೆಲೇ ಕುರುಡು ಬಡಿದಿತ್ತು.

ರೇಣುಕಾ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಜೀಪಿನ ಹತ್ತಿರ ಬಂದ ಮೇಲೆ ಬಾಯಿಬಿಟ್ಟಳು.

"ಸರ್, ಇದು ತಿಪ್ಪವ್ವನ ಚೀಲ್ರಿ. ಬಸ್ ಸ್ಟ್ಯಾಂಡ್ ಸಂಡಾಸದ ಬಾಗಲಾಗ ಟೇಬಲ್ ಹಾಕ್ಕೊಂಡು ಕುಂದರ್ತಾಳಲ್ರಿ, ಆಕಿ."

"ನಿನಗ ಹೆಂಗ ಗೊತ್ತು?"

"ಬಂದೋಬಸ್ತ್ ಇದ್ದಾಗ ನಾವು ಹೆಣ್ಮಕ್ಳು ಮತ್ತ ಎಲ್ಲಿ ಹೋಗೂದ್ರಿ? ಟೇಬಲ್ ಬಾಜೂಕ ಮೊಳಿಗೆ ಈ ಚೀಲ ತೂಗಹಾಕಿರ್ತಾಳ." ಚೀಲವನ್ನು ಜೀಪಿನೊಳಗಿಟ್ಟು ಸೇರಿಸಿದಳು. "ಎಲ್ಲೂ ನಡೀದ ಹತ್ತರ ಕಾಯಿನ್ ಊರ ಮಂದಿ ಎಲ್ಲಾ ಅಲ್ಲೇ ಒಗೀತಾರ್ರಿ. ನಾನೂ ಒಗದೇನ್ರಿ."

ಸಂಡಾಸದ ಬಾಗಿಲಲ್ಲಿ ಆ ದಿನ ತಿಪ್ಪವ್ವ ಇರಲಿಲ್ಲ. ಗುತ್ತಿಗೆದಾರ ಸಿದ್ಧರಾಮ ತಾನೇ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದ. ಗೋಡೆಯ ಮೇಲೆ ಫೋನಿನಿಂದ ಹಣ ಹಾಕುವ ಚೀಟಿ ಅಂಟಿಸಿತ್ತು. ಆ ಹಣ ನೇರ ಅವನ ಖಾತೆಗೆ.

"ತಿಪ್ಪವ್ವ ಎಲ್ಲಿ?"

"ಬಂದಿಲ್ರಿ. ಹೇಳದs ಕೇಳದs ಬಿಟ್ಟಾಳ. ಇಂಥವ್ರನ್ನ ಇಟ್ಕೊಂಡು ನಾ ಹೆಂಗ ಧಂದೆ ಮಾಡ್ಲಿ?"

"ಪಗಾರ ಹೆಂಗ ಕೊಡ್ತಿ ಆಕಿಗೆ?"

"ವಾರಕ್ಕೊಮ್ಮೆ ಕೊಡ್ತೇನ್ರಿ. ಒಂದ ರೂಪಾಯಿ ಬಾಕಿ ಇಟ್ಟಿಲ್ಲ."

"ಏನ್ ಕೊಡ್ತಿ, ನೋಟೋ ಕಾಯಿನ್ನೋ?"

ಸಿದ್ಧರಾಮ ನಕ್ಕ. "ಇಲ್ಲಿ ಬಿದ್ದದ್ದರಾಗ ಕೊಡ್ತೇನ್ರಿ. ನೋಟು ನಾ ಒಯ್ತೇನಿ, ಕಾಯಿನ್ ಆಕಿಗೆ. ಕಾಯಿನ್ನೂ ಸರಕಾರದ ರೊಕ್ಕನ ಅಲ್ರಿ? ಕಾನೂನಿನಾಗ ನಡೀತೈತಿ."

ಇಡೀ ಸಿಂದಗಿಯಲ್ಲಿ ಈ ಕಾನೂನು ಗೊತ್ತಿದ್ದವನು ಇವನೊಬ್ಬನೇ.

"ನಿನ್ನ ಮಗನ ಸಾಲಿ ಫೀ ಕಾಯಿನ್ನಿಲೇ ಕಟ್ಟೀಯೇನು?"

ಸಿದ್ಧರಾಮನ ನಗು ನಿಂತಿತು. ಕೈ ಎತ್ತಬೇಕೆನ್ನಿಸುವಷ್ಟು ಸಿಟ್ಟು ಬಂದಿದ್ದರಿಂದ ಬಸಂತರಾಯ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಹೊರಗೆ ಬಂದ. ಕಾರ್ಮಿಕ ಇಲಾಖೆಗೆ ವರದಿ ಬರೆಯುವಂತೆ ಗೈಬುಸಾಬನಿಗೆ ಹೇಳಿದ. ವರದಿಯಿಂದ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಿಪ್ಪವ್ವ ಇಂಡಿ ತಾಲೂಕಿನ ಅಗರಖೇಡದವಳು. ಗಂಡ ತೀರಿದ ಮೇಲೆ ಮಗಳು ಭಾಗ್ಯಾಳನ್ನು ಕಟ್ಟಿಕೊಂಡು ಸಿಂದಗಿಗೆ ಬಂದು ಒಂದು ತಗಡಿನ ಮನೆಯಲ್ಲಿದ್ದಳು. ಬಾಗಿಲಿಗೆ ಬೀಗ ಬಿದ್ದಿತ್ತು. ಕಿಟಕಿಯಿಂದ ಹೊಲಿಗೆ ಯಂತ್ರ, ಅರ್ಧ ಹೊಲಿದ ಜಂಪರು ಕಾಣುತ್ತಿದ್ದವು. ಪಕ್ಕದ ಮನೆಯ ರಾಜಬಿ ಖಾಕಿ ಕಂಡು ಒಳಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೇ ಬಂದಳು.

"ಹಿಡಿಯಾಕ ಬಂದೀರೇನು? ಹಿಡೀರಿ. ಅವನ ಹಲ್ಲಿಗೆ ಮೂರ ಮಂದಿ ಪೊಲೀಸ್ರು. ನಮ್ಮ ಭಾಗ್ಯಾನ ಕೈಗೆ ಯಾರ್ ಬಂದ್ರಿ?"

"ಕೈಗೆ ಏನಾತು ಯವ್ವಾ?"

ಆ ಕೇಳಿದ ದನಿಗೆ ರಾಜಬಿ ಸ್ವಲ್ಪ ತಣ್ಣಗಾದಳು. ಭಾಗ್ಯಾಳಿಗೆ ಸಣ್ಣಂದಿನಿಂದ ಫಿಟ್ಸ್. ದಿನಾ ಗುಳಿಗೆ ನುಂಗಿದರೆ ಏನೂ ಇಲ್ಲ. ಊರ ಹೆಣ್ಣುಮಕ್ಕಳ ಜಂಪರು ಹೊಲಿದು ಅವ್ವನಷ್ಟೇ ದುಡಿಯುತ್ತಿದ್ದಳು. ಸೋಮವಾರ ಗುಳಿಗೆ ಮುಗಿದಿತ್ತು. ತಿಪ್ಪವ್ವ ರಾವಸಾಬನ ಅಂಗಡಿಗೆ ಹೋದಳು. ಕಾಯಿನ್ ನಡೆಯುವುದಿಲ್ಲ ಎಂದ. ನೋಟು ಮಾಡಿಸಿಕೊಳ್ಳಲು ಕಿರಾಣಿಗೆ ಹೋದಳು, ಮೊಬೈಲ್ ಅಂಗಡಿಗೆ ಹೋದಳು, ಚಹಾದವನ ಹತ್ತಿರ ಹೋದಳು. ಸಿದ್ಧರಾಮನ ಕಾಲೂ ಹಿಡಿದಳು. ಯಾರೂ ತೆಗೆದುಕೊಳ್ಳಲಿಲ್ಲ.

"ನಾ ಮಗಳ ಬಾಣಂತನಕ್ಕ ಹೋಗಿದ್ನೆಪ್ಪಾ. ನಾ ಇದ್ದಿದ್ರ ಆಗ್ತಿದ್ದಿಲ್ಲ. ಇವತ್ತ ಮುಂಜಾನೆ ಬಂದೆ. ಅಷ್ಟರಾಗ ರೊಟ್ಟಿ ಬಡಿಯೂ ಮುಂದ ಫಿಟ್ಸ್ ಬಂದು ಹಂಚಿನ ಮ್ಯಾಲೆ ಬಿದ್ದಾಳ. ಬಲಗೈ ಹಂಚಿಗೆ ಹತ್ಕೊಂಡು ಬಿಟ್ಟಿತ್ತು."

ಹತ್ತಿರದ ಡಾಕ್ಟರು ಬಟ್ಟೆ ಸುತ್ತಿ, ಮುಲಾಮು ಬರೆದುಕೊಟ್ಟು, ವಿಜಯಪುರಕ್ಕೆ ಒಯ್ಯಿರಿ ಎಂದಿದ್ದರು. ಮುಲಾಮು ತರಲು ತಿಪ್ಪವ್ವ ಅದೇ ಚೀಲ ಹಿಡಿದುಕೊಂಡು ಅದೇ ಅಂಗಡಿಗೆ ಓಡಿದ್ದಳು. ಬರಿಗೈಯಲ್ಲಿ ತಿರುಗಿ ಬಂದಳು. ರಾಜಬಿ ತನ್ನಲ್ಲಿದ್ದ ನೋಟು ಅವಳ ಕೈಗೆ ತುರುಕಿ ತಾಯಿ ಮಗಳನ್ನು ಬಸ್ಸು ಹತ್ತಿಸಿದ್ದಳು.

ಠಾಣೆಯಲ್ಲಿ ರೆಕಾರ್ಡಿಂಗ್ ಹಾಕಿ ನೋಡಿದರು. ಬೈಕೂ ಇಲ್ಲ, ಮುಖ ಕಟ್ಟಿಕೊಂಡವರೂ ಇಲ್ಲ. ಒಬ್ಬ ಹೆಂಗಸು ಕೌಂಟರಿನ ಮೇಲೆ ಚೀಟಿ ಇಟ್ಟಳು, ಚೀಲದಿಂದ ನಾಣ್ಯ ಎಣಿಸಿ ಇಟ್ಟಳು. ರಾವಸಾಬ ಬೆರಳು ಸೋಕಿಸದೆ ಪೆನ್ನಿನ ತುದಿಯಿಂದ ಅವನ್ನು ಒಂದೊಂದಾಗಿ ಆಚೆ ತಳ್ಳಿದ. ಏನೋ ಅಂದ. ಹೆಂಗಸು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಗೈಬುಸಾಬ ಆ ತುಣುಕನ್ನು ಯಾರೂ ಹೇಳದೆಯೇ ಎರಡನೇ ಸಲ ಹಾಕಿದ. ಬಡವರ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಇಲ್ಲಿ ದವಡೆ ಮಾತ್ರ ಬೇರೆಯವನದಾಗಿತ್ತು.

ಮೇಲಧಿಕಾರಿಯ ಫೋನು ಬಂತು. "ಹೆಣ್ಮಗಳರೆ ಇರ್ಲಿ, ಗಂಡಮಗನರೆ ಇರ್ಲಿ, ನಾಳೆ ಅರೆಸ್ಟ್ ತೋರಿಸ್ರಿ. ಬಂದ್ ಆಗಬಾರ್ದು."

ಶುಕ್ರವಾರ ಬೆಳಿಗ್ಗೆ ಗೈಬುಸಾಬ, ರೇಣುಕಾರನ್ನು ಕರೆದುಕೊಂಡು ವಿಜಯಪುರಕ್ಕೆ ಹೊರಟ ಬಸಂತರಾಯ ಜೀಪನ್ನು ಔಷಧ ಅಂಗಡಿಯ ಮುಂದೆ ನಿಲ್ಲಿಸಿದ.

"ಆ ಇಬ್ರು ಗಂಡಸ್ರು ಎಲ್ಲಿ ಅದಾರ ಸಾವಕಾರ್ರ? ಪಿಚ್ಚರ್ ಎಲ್ಲಾ ನೋಡಿದೆ. ಅದರಾಗ ಇಲ್ಲ."

ರಾವಸಾಬನ ಮುಖ ಕಪ್ಪಿಟ್ಟಿತು. ದನಿ ಇಳಿಯಿತು. "ಸಂಡಾಸ ತೊಳಿಯಾಕಿ ಕೈಲೆ ಹೊಡಸ್ಕೊಂಡೆ ಅಂತ ಹೆಂಗ ಹೇಳ್ಲಿ ಸಾಹೇಬ್ರ? ಊರಾಗ ನಾ ತಲಿ ಎತ್ತಿ ಅಡ್ಡಾಡೂದು ಬ್ಯಾಡೇನು?"

"ಸುಳ್ಳು ಫಿರ್ಯಾದಿ ಕೊಟ್ಟದ್ದಕ್ಕ ನಿಮ್ಮನ್ನೂ ಒಳಗ ಹಾಕಬಹುದು. ಗೊತ್ತೈತಿ?"

"ಹಲ್ಲು ಮುರದದ್ದು ಸುಳ್ಳಲ್ಲಲ್ರಿ?"

ಅದೊಂದು ಸುಳ್ಳಾಗಿರಲಿಲ್ಲ. ಬಸಂತರಾಯ ತಿಪ್ಪವ್ವನ ಚೀಟಿಯಲ್ಲಿದ್ದ ಮುಲಾಮು ಕೇಳಿದ. ರಾವಸಾಬ ಕೊಟ್ಟ. ಜೀಪಿನ ಡಬ್ಬಿಯಲ್ಲಿ ಎಲ್ಲೂ ನಡೆಯದೆ ಬಿದ್ದಿದ್ದ ಹತ್ತರ ನಾಣ್ಯಗಳನ್ನು ಬಸಂತರಾಯ ಕೌಂಟರಿನ ಮೇಲೆ ಹಾಕಿದ. ರಾವಸಾಬ ಎಣಿಸದೆಯೇ ಅಂಗೈಯಿಂದ ಬಳಿದು ಗಲ್ಲಾಕ್ಕೆ ಹಾಕಿಕೊಂಡ.

"ಇವು ಹೆಂಗ ನಡದುವು?"

"ಸಾಹೇಬ್ರ ರೊಕ್ಕ ಅಲ್ರಿ," ಎಂದ ರಾವಸಾಬ, ಮುರಿದ ಹಲ್ಲಿನಲ್ಲೇ ನಗಲು ನೋಡುತ್ತ.

ಬಸಂತರಾಯ ಕೌಂಟರಿನ ಮೇಲೆ ಲಾಠಿಯಿಂದ ಹೊಡೆದ ಏಟಿಗೆ ಗಾಜು ಸೀಳಿತು. ಅದರ ದಂಡ ಬೇಕಿದ್ದರೆ ಎಸ್‌ಪಿ ಸಾಹೇಬರ ಹತ್ತಿರ ಕೇಳು ಎಂದು ಹೇಳಿ ಜೀಪು ಹತ್ತಿದ. ದೇವರ ಹಿಪ್ಪರಗಿ ದಾಟಿದ್ದಾರೋ ಇಲ್ಲವೋ ನೋಡದೆ ದಾರಿಯುದ್ದಕ್ಕೂ ಅವನು ಬೈಯುತ್ತಲೇ ಇದ್ದ.

ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಭಾಗ್ಯಾ ಮಲಗಿದ್ದಳು. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಎರಡು ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು. ಜಂಪರು ಹೊಲಿಯುವ ಕೈ ಅದೇ. ಮುಲಾಮನ್ನು ನರ್ಸ್ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಈಗ ಅದರಿಂದ ಏನೂ ಆಗುವಂತಿರಲಿಲ್ಲ.

ತಿಪ್ಪವ್ವ ಪೊಲೀಸರನ್ನು ಕಂಡು ತಾನೇ ಎದ್ದು ವರಾಂಡಕ್ಕೆ ಬಂದಳು.

"ನೀ ಹೊಡದಿ ಏನು?"

"ಹೌದ್ರಿ. ಹೊಡದೇನಿ."

"ಯಾಕ ಹೊಡದಿ? ಕಾಯಿನ್ ಒಲ್ಲೆ ಅಂದದ್ದಕ್ಕ?"

"ಅಲ್ರಿ. ಒಲ್ಲೆ ಅಂತ ದಿನಾ ಅಂತಾರ್ರಿ ಮಂದಿ. ಅದಕ್ಕೆಲ್ಲಾ ಹೊಡದ್ರ ಊರಾಗ ಯಾರೂ ಉಳಿಯೂದಿಲ್ಲ."

"ಮತ್ತ?"

ತಿಪ್ಪವ್ವ ಬಾಗಿಲ ಸಂದಿಯಿಂದ ಮಗಳ ಕಡೆ ಒಮ್ಮೆ ನೋಡಿದಳು.

"ಮಗಳ ಕೈ ಸುಟ್ಟೈತಿ, ನಿನ್ನ ಕಾಲ ಬೀಳ್ತೇನಿ ಅಂದೆ. ಪೆನ್ನಿಲೇ ಸರಿಸಿದ. ಸಂಡಾಸದ ರೊಕ್ಕ ನಾ ಮುಟ್ಟೂದಿಲ್ಲ, ಹೊಲಸು ಅಂದ. ಸಾಹೇಬ್ರ, ಅವನ ಅಂಗಡ್ಯಾಗ ಸಂಡಾಸ ಇಲ್ರಿ. ದಿನಾ ಎರಡ ಸರ್ತಿ ನನ್ನ ಕಡೆನs ಬರ್ತಾನ. ದೊಡ್ಡ ಮಂದಿ ಕೊಟ್ಟ ಹತ್ತರ ಕಾಯಿನ್ ತಂದು ನನ್ನ ಟೇಬಲ್ ಮ್ಯಾಲೆ ಒಗದು, ಐದ ರೂಪಾಯಿ ಚಿಲ್ಲರ ಇಸ್ಕೊಂಡು ಹೋಗ್ತಾನ. ನಾ ಇಲ್ಲ ಅನ್ನಂಗಿಲ್ಲ. ಆ ಚೀಲದಾಗ ಇದ್ದದ್ದು ಅವನ ರೊಕ್ಕನs ರೀ."

ರೇಣುಕಾ ಅವಳ ಭುಜದ ಮೇಲೆ ಕೈ ಇಟ್ಟು ಬಂಧನದ ಕಾಗದ ಓದಿ ಹೇಳಿದಳು. ತಿಪ್ಪವ್ವ ಹೆಬ್ಬೆಟ್ಟು ಒತ್ತಿದಳು. ಸುಲಿಗೆ ಯತ್ನದ ಕಲಮು ಹೊಡೆದುಹಾಕಿದ್ದರಿಂದ ಜಾಮೀನು ಸಿಗುವ ಅಪರಾಧ ಅದು. ಜಾಮೀನಿಗೆ ನಿಲ್ಲಲು ರಾಜಬಿ ಆಗಲೇ ಠಾಣೆಗೆ ಬಂದು ಕೂತಿದ್ದಾಳೆ ಎಂದು ಫೋನು ಬಂದಿತ್ತು. ಸಂಜೆಯೊಳಗೆ ತಿರುಗಿ ಮಗಳ ಹತ್ತಿರ ಬಿಡುತ್ತೇವೆ ಎಂದು ಬಸಂತರಾಯ ಹೇಳಿದಾಗ ಅವಳು ತಲೆ ಆಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ.

ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಬಸಂತರಾಯನಿಗೆ ಗೊತ್ತಿತ್ತು. ಆದರೂ ವರಾಂಡದ ಬೆಂಚಿನ ಮೇಲೆ ಕೂತು, ತಿಪ್ಪವ್ವ ಆಡಿದ ಮಾತನ್ನು ಅವಳು ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ ಗೈಬುಸಾಬನ ಕೈಯಲ್ಲಿ ಬರೆಸಿದ.