ಕಿವಿಮಲ್ಲನ ಗಂಟು

ಮೊಲದ ವೇಷದ ತಲೆಯೊಳಗೆ ಕೂತವನಿಗೆ ಲೋಕ ಕಾಣುವುದು ಬಾಯಿಯ ಸೀಳಿನಿಂದ ಮಾತ್ರ. ದೇವದುರ್ಗದ ಸರ್ಕಾರಿ ಶಾಲೆಯ ಬೇವಿನ ಮರದ ಕೆಳಗೆ ಬಸವಲಿಂಗನಿಗೆ ಆ ಸೀಳಿನಿಂದ ಮೊದಲು ಕಂಡದ್ದು ಹಸಿರು ಸೀರೆಯ ಅಂಚು, ಆಮೇಲೆ ಬಳೆಯಿಲ್ಲದ ಒಂದು ಕೈ, ಬೆರಳಿಗೆ ಮೆತ್ತಿದ ಸೀಮೆಸುಣ್ಣ. ಮುಖ ಕಾಣುವ ಮೊದಲೇ ಯಾರೆಂದು ಗೊತ್ತಾಯಿತು. ವಿಜಯಲಕ್ಷ್ಮಿ ಟೀಚರ್ ಬಲಗೈಗೆ ಬಳೆ ಹಾಕುವುದಿಲ್ಲ, ಬೋರ್ಡಿನ ಮೇಲೆ ಬರೆಯುವಾಗ ಸದ್ದಾಗುತ್ತದೆ ಎಂದು. ಇಷ್ಟೆಲ್ಲ ಗಮನಿಸುವ ಮನುಷ್ಯ ಒಂದು ದಿನವೂ ತನ್ನ ಮನಸ್ಸಿನ ಮಾತಿಗೆ ಅವಳೆದುರು ಬಾಯಿ ಬಿಟ್ಟಿರಲಿಲ್ಲ, ಅದು ಬೇರೆ ಮಾತು.

ಮಕ್ಕಳು ಬಿಸಿಯೂಟಕ್ಕೆ ಓಡಿದ್ದರು. ಅವಳು ಮಂಡಿಯೂರಿ ಕೂತು, ಮೊಲದ ಉದ್ದನೆಯ ಬಟ್ಟೆಯ ಕಿವಿಯನ್ನು ಎತ್ತಿ, ಅದರೊಳಗೆ ಬಾಯಿಟ್ಟಳು.

"ಚಾಚಾ, ನಿಮಗ ಕೇಳಸಂಗಿಲ್ಲ ಅಂತ ಗೊತ್ತದ. ಅದಕ್ಕೇ ಹೇಳಾಕತ್ತೀನಿ."

ಒಳಗೆ ಇರಬೇಕಾದದ್ದು ಗುಲಾಮ್ ದಸ್ತಗೀರ್ ಚಾಚಾನೇ. ಈ ವೇಷ ಹೊಲಿದ ಟೇಲರ್ ಅವರು, ಅಂದಿನಿಂದ ಅದನ್ನು ಹಾಕಿಕೊಂಡು ಬಂದವರೂ ಅವರು. ಮುದುಕನಿಗೆ ಕಿವಿ ಮಂದ ಎಂದು ಜಿಲ್ಲೆಗೆಲ್ಲ ಗೊತ್ತು. ಆದರೆ ಇವತ್ತು ಬೆಳಿಗ್ಗೆ ಅವರ ಮೊಣಕಾಲು ಹಿಡಿದುಕೊಂಡಿತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಪುಸ್ತಕದಂಗಡಿ ಇಟ್ಟುಕೊಂಡು, ಚಾಚಾನ ಜೊತೆ ಶಾಲೆಯಿಂದ ಶಾಲೆಗೆ ಕಥೆ ಹೇಳುತ್ತ ತಿರುಗುವ ಬಸವಲಿಂಗನೇ ತಲೆ ಹಾಕಿಕೊಂಡು ಬಂದಿದ್ದ. ವೇಷದೊಳಗಿದ್ದವರು ಬಾಯಿ ಬಿಡಬಾರದು, ತಾವು ಯಾರೆಂದು ತೋರಿಸಿಕೊಳ್ಳಬಾರದು, ಅದು ಮೊದಲಿನಿಂದಲೂ ಬಂದ ನೇಮ.

"ರವಿವಾರ ಮಾನ್ವ್ಯಾಗ ನಮ್ಮ ಮನಿಗೆ ನನ್ನ ನೋಡಾಕ ಬರಾಕತ್ತಾರ," ಅವಳು ಪಿಸುಗುಟ್ಟಿದಳು. "ಹುಡುಗ ಛಲೋ ಅದಾನಂತ. ಕೆಟ್ಟವ ಇದ್ದಿದ್ರ ಬೇಷಿತ್ತು, ಬ್ಯಾಡ ಅನ್ನಾಕ ಒಂದು ನೆಪ ಸಿಗತಿತ್ತು. ನನಗ ನಿಮ್ಮ ಬಸವಲಿಂಗನ ಮ್ಯಾಲ ಮನಸ್ಸದ, ಚಾಚಾ. ಅಂವ ಕಥಿ ಹೇಳಂದ್ರ ತಾಸುಗಟ್ಟಲೆ ಹೇಳತಾನ, ತನ್ನ ಮಾತು ಬಂತಂದ್ರ ಪುಸ್ತಕ ಕಟ್ಟಾಕ ಕುಂಡ್ರತಾನ. ಅಂವ ತಾನಾಗೇ ಕೇಳಿದ್ರ ಅವ್ವನ ಮುಂದ ನಿಂತು ಹೇಳತೀನಿ. ಕೇಳಲಿಲ್ಲಂದ್ರ ರವಿವಾರ ಹೂಂ ಅಂತೀನಿ. ಇಷ್ಟ."

ಗುಟ್ಟು ಕೇಳಿದ ಮೇಲೆ ಮೊಲ ತನ್ನ ಸೊಂಟದ ಕೆಂಪು ದಾರಕ್ಕೆ ಗಂಟು ಹಾಕಬೇಕು. ದಪ್ಪ ಕೈಗವಸಿನ ಬೆರಳುಗಳಲ್ಲಿ ಬಸವಲಿಂಗ ದಾರ ಹಿಡಿದ. ಜಾರಿತು. ಮತ್ತೆ ಹಿಡಿದ. ಹೇಗೋ ಒಂದು ಸಡಿಲ ಗಂಟು ಬಿತ್ತು.

"ಇವತ್ತು ಗಂಟು ಭಾಳ ಸಡ್ಲ ಬಿತ್ತಲ್ಲ ಚಾಚಾ," ಅವಳು ನಕ್ಕು ಕಿವಿಯನ್ನು ಮೊದಲಿದ್ದಂತೆ ಇಳಿಬಿಟ್ಟಳು. "ಚಹಾ ಕುಡದು ಹೋಗ್ರಿ."

ಕಿವಿಮಲ್ಲನೆಂಬ ಈ ಮೊಲವನ್ನು ಬಲ್ಲವರಿಗೆ ಮಾತ್ರ ಬಸವಲಿಂಗನ ಸಂಕಟ ಅರ್ಥವಾದೀತು.

ತುಂಗಭದ್ರೆಯ ದಂಡೆಯ ಚೀಕಲಪರ್ವಿ ಕಡೆಯ ಒಬ್ಬ ಮೇಷ್ಟ್ರು ಮಕ್ಕಳಿಗಾಗಿ ಬರೆದ ತೆಳ್ಳನೆಯ ಪುಸ್ತಕದ ಮೊಲ ಅದು. ಹತ್ತಿ ಹೊಲದಲ್ಲಿ ಇರುತ್ತದೆ, ಎಲ್ಲರ ಗುಟ್ಟು ಕೇಳುತ್ತದೆ, ನರಿ ಬಂದು ಕಿವಿ ಹಿಂಡಿದರೂ ಒಂದನ್ನೂ ಬಿಟ್ಟುಕೊಡುವುದಿಲ್ಲ. ಕೇಳಿದ್ದಕ್ಕೆಲ್ಲ ಒಂದೊಂದು ಗಂಟು ಹಾಕುತ್ತದೆ. ಗಂಟು ಬಿಚ್ಚುವ ಹಕ್ಕು ಗುಟ್ಟು ಹೇಳಿದವರಿಗಷ್ಟೇ. ಪುಸ್ತಕ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಬಸವಲಿಂಗನ ಹತ್ತಿರ ಇರುವುದೂ ಝೆರಾಕ್ಸೇ. ಆದರೆ ಮೊಲ ಎಂದೋ ಪುಸ್ತಕ ಬಿಟ್ಟು ಊರು ಸೇರಿತ್ತು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು "ಕಿವಿಮಲ್ಲಗ ಹೇಳ್ದಂಗ ತಿಳಕೋ" ಎಂದು ಮಾತು ಕೊಡುತ್ತಾರೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಅಂಬಮ್ಮನಿಗೆ ಓದು ಬರುವುದಿಲ್ಲ, ಆದರೂ ಯಾರಾದರೂ ಮನಸ್ಸಿನ ಮಾತು ಹೇಳಿಕೊಂಡರೆ ಸೆರಗಿನ ತುದಿಗೆ ಗಂಟು ಹಾಕಿ ತೋರಿಸುತ್ತಾಳೆ. ಗಿಲ್ಲೆಸುಗೂರಿನ ಒಂದು ಹುಡುಗಿ ಮನೆಯಲ್ಲಿ ಯಾರಿಗೂ ಹೇಳದ ಭಯವನ್ನು ಈ ಬಟ್ಟೆಯ ಕಿವಿಯಲ್ಲಿ ಹೇಳಿ, ಆಮೇಲೆ ಧೈರ್ಯ ಬಂದು ತಾಯಿಗೂ ಹೇಳಿದ್ದಳು.

ವಿಜಯಲಕ್ಷ್ಮಿಯೂ ಆ ಕಿವಿ ನಂಬಿ ಬೆಳೆದವಳೇ. "ಅಪ್ಪ ಹೋದಾಗ ನಾ ಮಂದಿ ಮುಂದ ಅಳಲಿಲ್ಲ," ಎಂದು ಒಮ್ಮೆ ಪುಸ್ತಕ ಆರಿಸುತ್ತ ಬಸವಲಿಂಗನಿಗೆ ಹೇಳಿದ್ದಳು. "ಕಿವಿಮಲ್ಲ ಸಾಲಿಗೆ ಬಂದಾಗ ಅತ್ತೆ." ಅವಳು ಹಾಗೆಂದ ಮೇಲೆ ಅವನಿಗೆ ಆ ಬೊಂಬೆಯನ್ನು ಬೊಂಬೆ ಎನ್ನಲು ಬಾಯಿ ಬರಲಿಲ್ಲ.

ಈಗ ಅವನೇ ಅದರೊಳಗೆ ಕೂತು ಅವಳ ಗುಟ್ಟು ಕೇಳಿಸಿಕೊಂಡಿದ್ದ. ಸುಮ್ಮನಿದ್ದರೆ ಅವಳು ಹೋಗುತ್ತಾಳೆ. ಕೇಳಿಯೇ ಇಲ್ಲದವನ ಹಾಗೆ ಹೋಗಿ "ಮದುವಿ ಆಗತೀರೇನು" ಎಂದರೆ ಅವಳು ಸಿಗುತ್ತಾಳೆ, ಆದರೆ ಉತ್ತರ ಕದ್ದು ನೋಡಿ ಪರೀಕ್ಷೆ ಬರೆದಂತಾಗುತ್ತದೆ. ನಿಜ ಹೇಳಿದರೆ ಅವಳೂ ಹೋಗಬಹುದು, ಅವಳ ಕಿವಿಮಲ್ಲನೂ ಹೋಗಬಹುದು.

ವೇಷ ಹಿಂದಿರುಗಿಸಲು ಸಂಜೆ ಚಾಚಾನ ಮನೆಗೆ ಹೋದಾಗ ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಬಸವಲಿಂಗ ಬಾಗಿಲಲ್ಲೇ ಗಟ್ಟಿಯಾಗಿ ಕೂಗಿದ.

"ಮೆಲ್ಲಕ ಮಾತಾಡು ಬೇಟಾ. ನಾ ಕಿವುಡ ಅಂತ ಯಾರು ಹೇಳಿದ್ರು ನಿನಗ?"

"ಊರೆಲ್ಲ ಹೇಳತದಲ್ಲ ಚಾಚಾ."

"ಊರಿಗೆ ಹಂಗಂತ ಹೇಳಿದಾಂವ ನಾನೇ. ಕಿವುಡ ಅಂದ್ರ ಮಕ್ಕಳು ಅಂಜಲಾರದ ಹೇಳತಾವ." ಮುದುಕ ಅವನ ಮುಖವನ್ನೊಮ್ಮೆ, ದಾರದ ಹೊಸ ಗಂಟನ್ನೊಮ್ಮೆ ನೋಡಿದರು. "ಇಷ್ಟು ಸಡ್ಲ ಗಂಟು ನಾ ನೋಡಿಲ್ಲ. ಯಾರ್ದು ಅಂತ ಕೇಳಂಗಿಲ್ಲ. ನಿನಗ ಸಂಬಂಧಪಟ್ಟದ್ದೇನು?"

ಬಸವಲಿಂಗ ತಲೆ ತಗ್ಗಿಸಿದ.

"ನನಗೂ ಹಿಂಗ ಆಗಿತ್ತು," ಚಾಚಾ ಎಣ್ಣೆಯ ಬಟ್ಟಲು ಸರಿಸಿದರು. "ನಾ ಕಿವುಡನೇ ಅಂತ ನಂಬಿ ನನ್ನ ಸ್ವಂತ ತಂಗಿ ಬಂದು ಈ ಕಿವ್ಯಾಗ ನನ್ನ ಮ್ಯಾಲೇ ಸಿಟ್ಟು ಮಾಡಿ ಹೋದ್ಲು. ಕೇಳಿದ್ದನ್ನ ಉಪಯೋಗಸಲಿಲ್ಲ ನಾ. ಸುಮ್ಮನಿದ್ದೆ. ಅಕಿ ಮಾತಾಡಸೂದೇ ಬಿಟ್ಲು. ನೇಮ ಉಳೀತು ಬೇಟಾ, ತಂಗಿ ಉಳೀಲಿಲ್ಲ."

"ಹಂಗಾದ್ರ ನೇಮ ಮುರೀಬೇಕೇನು?"

"ಮಂದಿ ಮಾತು ಮಂದಿದು. ಅದನ್ನ ಮುಟ್ಟಬ್ಯಾಡ. ನಿನ್ನ ಮಾತು ಒಂದಿರತದಲ್ಲ, ಅದು ಮೊದಲಿಂದ ನಿನ್ನ ಹತ್ರ ಇತ್ತಿಲ್ಲೋ?" ವೇಷದ ಮೂಟೆಯನ್ನು ಮತ್ತೆ ಅವನ ಕಡೆಗೇ ತಳ್ಳಿದರು. "ತಗೊಂಡು ಹೋಗು. ನನ್ನ ಮೊಣಕಾಲು ಇನ್ನೂ ನೋಯಾಕತ್ತದ."

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ವಿಜಯಲಕ್ಷ್ಮಿ ಮಾನ್ವಿ ಬಸ್ಸಿಗೆ ಹೊರಟು ನಿಂತಿದ್ದಳು. ಬೇವಿನ ಕಟ್ಟೆಯ ಮೇಲೆ ಬಸವಲಿಂಗ, ಪಕ್ಕದಲ್ಲಿ ಮೊಲದ ತಲೆ, ಕೈಗವಸು, ಕೆಂಪು ದಾರ. ಅವಳ ಹೆಜ್ಜೆ ಅವಳಿಗೇ ಗೊತ್ತಿಲ್ಲದೆ ನಿಧಾನವಾಯಿತು.

"ಏನ್ರೀ, ಇವತ್ತು ಕಥಿ ಇಲ್ಲಲ್ಲ."

"ಒಂದದ. ಮಕ್ಕಳಿಗಲ್ಲ."

"ಮತ್ತ ಯಾರಿಗಿ?"

"ಕಿವಿಮಲ್ಲಗ. ನನಗೂ ಒಂದು ಗುಟ್ಟು ಹೇಳೂದದ. ಚಾಚಾ ಬಂದಿಲ್ಲ. ನೀವು ಸ್ವಲ್ಪ ಹೊತ್ತು ಈ ತಲಿ ಹಾಕ್ಕೋತೀರೇನ್ರೀ?"

ಅವಳು ಅವನನ್ನೇ ನೋಡಿದಳು. ಕಣ್ಣಲ್ಲಿ ಮೊದಲು ತುಂಟತನ ಬಂತು, ಆಮೇಲೆ ಏನೋ ಆಸೆ, ಅದನ್ನು ಮುಚ್ಚಲು ಮತ್ತೆ ತುಂಟತನ. ಬ್ಯಾಗನ್ನು ಅವನ ಕೈಗೆ ಕೊಟ್ಟು, ಹೆರಳನ್ನು ಸುತ್ತಿ, ತಲೆಯನ್ನು ಹಾಕಿಕೊಂಡಳು. ಕೆಂಪು ದಾರವನ್ನು ಸೀರೆಯ ಮೇಲೆಯೇ ಸೊಂಟಕ್ಕೆ ಕಟ್ಟಿಕೊಂಡಳು. ಕೈಗವಸು ತೊಟ್ಟು, ಸೆರಗು ಸರಿಮಾಡಿ, ಕಟ್ಟೆಯ ಮೇಲೆ ನೆಟ್ಟಗೆ ಕೂತಳು. ಬಸವಲಿಂಗ ಮಂಡಿಯೂರಿದ. ಕಿವಿ ಎತ್ತಿದ.

"ಕಿವಿಮಲ್ಲ, ನನಗ ವಿಜಯಲಕ್ಷ್ಮಿ ಟೀಚರ್ ಮ್ಯಾಲ ಮನಸ್ಸದ. ಹ್ವಾದ ವರ್ಷ ಅವರು ನನ್ನ ಕಥಿ ನಡುವ ಎದ್ದು, ಮೊಲ ಅಂಜಿದ್ದನ್ನ ಯಾಕ ಬಿಟ್ರಿ, ಮಕ್ಕಳಿಗೆ ಅದೂ ಹೇಳ್ರಿ ಅಂದ್ರಲ್ಲ, ಅವತ್ತಿಂದ. ಆದ್ರ ಅಂಜಿದೆ."

ಮೊಲ ಕಿವಿಯನ್ನು ಅವನ ಕಡೆಗೆ ಇನ್ನಷ್ಟು ವಾಲಿಸಿತು. ಇಲ್ಲಿಗೇ ನಿಲ್ಲಿಸಿದರೆ ಎಲ್ಲವೂ ಅವನದೇ. ಆ ಆಸೆ ಅವನಿಗೆ ನಿಜವಾಗಿ ಆಯಿತು.

"ಇನ್ನೊಂದದ," ಎಂದ. "ಚಾಚಾನ ಮೊಣಕಾಲು ಹಿಡಕೊಂಡಿತ್ತು. ನೀವು ಗುಟ್ಟು ಹೇಳಿದ ದಿನ ಈ ತಲಿ ಒಳಗ ನಾನಿದ್ದೆ. ಎಲ್ಲಾ ಕೇಳಿದೆ. ಯಾರಿಗೂ ಹೇಳಿಲ್ಲ, ಹೇಳಂಗಿಲ್ಲ. ಆದ್ರ ಕೇಳಿಲ್ಲ ಅಂತ ಸುಳ್ಳು ಹೇಳಿ ನಿಮ್ಮನ್ನ ಮದುವಿಗೆ ಕೇಳೂದು ನನ್ನ ಕೈಲಿ ಆಗಂಗಿಲ್ಲ."

ಮೊಲ ತಟ್ಟನೆ ಮುಖ ತಿರುಗಿಸಿತು. ಕಿವಿ ಅವನ ಕೈಯಿಂದ ಜಾರಿತು. ಶಾಲೆಯ ಗೇಟಿನ ಹೊರಗೆ ಬಸ್ಸು ಹಾರ್ನ್ ಹಾಕಿ ಹೋಯಿತು. ಮಾನ್ವಿಯದೇ ಇರಬೇಕು. ಅವಳು ಏಳಲಿಲ್ಲ, ತಲೆಯನ್ನೂ ತೆಗೆಯಲಿಲ್ಲ.

"ಸಿಟ್ಟು ಬಂತೇನ್ರೀ?"

ಮೊಲ ತಲೆಯಾಡಿಸಿತು, ಹೌದು.

"ಭಾಳ?"

ಮತ್ತೆ ಹೌದು. ಉದ್ದ ಕಿವಿಗಳೆರಡೂ ಕೆನ್ನೆಗೆ ಬಡಿದವು. ಬೇರೆ ದಿನವಾಗಿದ್ದರೆ ಬಸವಲಿಂಗ ನಕ್ಕುಬಿಡುತ್ತಿದ್ದ. ಇವತ್ತು ಅವಳ ಬ್ಯಾಗನ್ನು ಎದೆಗೆ ಹಿಡಿದುಕೊಂಡು ಮಣ್ಣಿನಲ್ಲಿ ಕೂತೇ ಇದ್ದ.

"ಹೋಗಲೇನು ನಾ?"

ಮೊಲದ ಕೈಗವಸಿನ ಬೆರಳುಗಳು ದಾರ ಹಿಡಿದವು. ಅವನು ಹೇಳಿದ್ದಕ್ಕೆ ಒಂದು ಗಂಟು ಬಿತ್ತು, ಬಿಗಿಯಾಗಿ, ಇನ್ನು ಜನ್ಮದಲ್ಲಿ ಸಡಿಲವಾಗದಂತೆ. ಆಮೇಲೆ ಅವಳು ಬಲಗೈಯ ಗವಸು ಕಳಚಿದಳು. ಬಳೆಯಿಲ್ಲದ ಆ ಕೈ ದಾರದ ಉದ್ದಕ್ಕೂ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ, ಮಕ್ಕಳ ಗುಟ್ಟುಗಳನ್ನೆಲ್ಲ ದಾಟಿ, ಆ ಸಡಿಲ ಗಂಟಿನ ಹತ್ತಿರ ಬಂದು ನಿಂತಿತು. ಅದನ್ನು ಬಿಚ್ಚುವ ಹಕ್ಕು ಈ ಲೋಕದಲ್ಲಿ ಒಬ್ಬಳಿಗೇ ಇತ್ತು.

ಅವಳು ಬಿಚ್ಚಿದಳು.

ಮೊಲದ ತಲೆ ತೆಗೆದಾಗ ಅವಳ ಮುಖ ಕೆಂಪಾಗಿತ್ತು, ಹಣೆಗೆ ಕೂದಲು ಅಂಟಿತ್ತು, ಕಣ್ಣುಗಳು ಒದ್ದೆಯಾಗಿದ್ದವು. ಸೆಕೆಗೆ ಎಂದು ಅವಳು ಹೇಳಬಹುದಿತ್ತು, ಹೇಳಲಿಲ್ಲ.

"ಇನ್ನೊಂದು ಸಲ ನನ್ನ ಗುಟ್ಟು ಕೇಳೂದಿದ್ರ ಎದುರಿಗೆ ಕುಂತು ಕೇಳ್ರಿ."

"ಕೇಳತೀನಿ."

"ನಾ ಅವ್ವನ ಮುಂದ ನಿಂತು ಹೇಳತೀನಿ ಅಂದಿದ್ದೆ. ಒಬ್ಬಾಕೀನೇ ನಿಲ್ಲತೀನಿ ಅಂದಿರಲಿಲ್ಲ." ಅವಳು ಅವನ ಕೈಯಿಂದ ಬ್ಯಾಗು ತೆಗೆದುಕೊಂಡು ಮೊಲದ ತಲೆಯನ್ನು ಆ ಕೈಗಿಟ್ಟಳು. "ಅಲ್ಲಿ ಪಿಸುಮಾತು ನಡಿಯಂಗಿಲ್ಲ. ಅವ್ವಗ ಖರೇನ ಕಿವಿ ಮಂದ ಅದ. ಜೋರಾಗಿ ಹೇಳಬೇಕಾಗತದ, ಓಣಿ ಮಂದಿಗೆಲ್ಲ ಕೇಳಸತದ."

"ಕೇಳಸಲಿ," ಎಂದ ಬಸವಲಿಂಗ.

ಮಾನ್ವಿಯ ಮುಂದಿನ ಬಸ್ಸು ಬಂದಾಗ ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕದ ಸೀಟಿನಲ್ಲಿ ಅವಳು ಕೂತಳು, ಅವಳ ಪಕ್ಕದಲ್ಲಿ ಅವನು, ಅವನ ತೊಡೆಯ ಮೇಲೆ ಕಿವಿಮಲ್ಲ. ದಾರಿಯುದ್ದಕ್ಕೂ ಬಸವಲಿಂಗ ಅವಳ ಅವ್ವನಿಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ. ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ಎಲ್ಲವನ್ನೂ ಕೇಳಿಸಿಕೊಂಡು, ಏನೂ ಅನ್ನದೆ, ತನ್ನ ಸೆರಗಿನ ತುದಿಗೆ ಒಂದು ಗಂಟು ಹಾಕಿದಳು.