ಮೂವತ್ತೆರಡು ಪದರ

ಶನಿವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಹೇಮಶ್ರೀಯ ಲೋಹದ ಪಟ್ಟಿ ಎರಡಾಗಿ ಬಿಚ್ಚಿಕೊಂಡಿತು.

ಪಾಂಡವಪುರದ ಶಫೀವುಲ್ಲಾ ಸಾಹೇಬರ ವರ್ಕ್‌ಶಾಪಿನಲ್ಲಿ ಆಲೆಮನೆಗಳ ಕಬ್ಬು ಅರೆಯುವ ರೋಲರು ರಿಪೇರಿಯಾಗುತ್ತವೆ. ಅಲ್ಲಿ ಲೇತ್ ನೋಡಿಕೊಳ್ಳುವ ದಿಲೀಪ, ಹೇಮಶ್ರೀಯ ಸಂಶೋಧನೆಗೆಂದು ಎರಡು ಪುಟ್ಟ ರೋಲರು ಕಡೆದುಕೊಟ್ಟಿದ್ದ. ತಾಮ್ರ, ಅಲ್ಯೂಮಿನಿಯಂ ಹಾಳೆಗಳನ್ನು ಅವುಗಳ ನಡುವೆ ಒತ್ತಿ ಒಂದು ಮಾಡುವುದು. ಕತ್ತರಿಸಿ, ಒಂದರ ಮೇಲೊಂದಿಟ್ಟು, ಮತ್ತೆ ಒತ್ತುವುದು. ಪಟ್ಟಿಯ ದಪ್ಪ ಅಷ್ಟೇ ಇರುತ್ತದೆ. ಒಳಗಿನ ಪದರ ಮಾತ್ರ ಪ್ರತಿ ಸಲ ಅರ್ಧಕ್ಕೆ ಇಳಿಯುತ್ತದೆ.

ಪದರ ತೆಳುವಾದಷ್ಟೂ ಪಟ್ಟಿ ಗಟ್ಟಿ ಎಂಬುದು ಅವಳ ವಾದ. ದಪ್ಪಗಿದ್ದರೇ ಗಟ್ಟಿ ಎಂದು ಅವನು ಎರಡು ತಿಂಗಳಿಂದ ಕಾಲೆಳೆಯುತ್ತಿದ್ದ. ಅವಳು ಕಣ್ಣು ಕಿರಿದು ಮಾಡಿ ನಗುವುದನ್ನು ಅವನಿಗೆ ನೋಡಬೇಕಿತ್ತು, ಅಷ್ಟೇ.

ಮೂವತ್ತೆರಡು ಪದರದ ಈ ಪಟ್ಟಿಯೇ ಕೊನೆಯದು. ಸೋಮವಾರ ಮೈಸೂರಿನ ಲ್ಯಾಬಿನಲ್ಲಿ ಎಳೆದು ಪರೀಕ್ಷಿಸಿದರೆ ಮುಗಿಯಿತು. ಆಮೇಲೆ ತನ್ನೂರು ಹೊಣಕೆರೆಯಿಂದ ಅವಳು ಇಲ್ಲಿಗೆ ಬರಲು ಕಾರಣವೇ ಇರುವುದಿಲ್ಲ.

ಬಿಚ್ಚಿದ ಪಟ್ಟಿಯ ಒಳಮೈಯಲ್ಲಿ ಹೆಬ್ಬೆರಳ ಗುರುತಿತ್ತು. ಅವಳಿನ್ನೂ ನೋಡಿರಲಿಲ್ಲ, ತನ್ನ ಲೆಕ್ಕವೇ ತಪ್ಪಿತೆಂದು ನೋಟ್‌ಬುಕ್ ತಿರುವುತ್ತಿದ್ದಳು.

"ಲೆಕ್ಕ ಸರಿಯಾಗೈತೆ ಮೇಡಂ," ಎಂದ ದಿಲೀಪ. "ಬ್ರಷ್ ಉಜ್ಜಿದ್ಮೇಲೆ ನಾನೇ ಮುಟ್ಬುಟ್ಟೆ."

"ಎಣ್ಣೆ ಕೈ ತಾಗಿದ್ರೆ ಅಂಟಲ್ಲ ಅಂತ ಎಷ್ಟ್ ಸಲ ಹೇಳಿದ್ದೀನಿ?"

"ನೀವು ಜಡೆ ಹಾಕ್ಕೋತಿದ್ರಿ. ಅತ್ಲಾಗೆ ನೋಡ್ಬುಟ್ಟೆ."

"ಕಣ್ಣು ಕೆಲ್ಸದ ಮೇಲಿರ್ಲಿ ಕಣ್ಲಾ," ಎಂದರು ಶಫೀವುಲ್ಲಾ, ತಿರುಗಿ ನೋಡದೆ.

ಹೇಮಶ್ರೀಯ ಕಿವಿ ಕೆಂಪಾಯಿತು. ಹದಿನಾರು ಪದರದ ಪಟ್ಟಿ ಒಂದೇ ಒಂದು ಉಳಿದಿತ್ತು. ಅದನ್ನು ಎರಡಾಗಿ ಕತ್ತರಿಸಿ, ಒರೆಸಿ, ಉಜ್ಜಿಕೊಟ್ಟಳು. ಅವನು ಇಕ್ಕಳದಲ್ಲಿ ಹಿಡಿದುಕೊಂಡ. ಈ ಸಲ ಅವನು ನೋಡಬಾರದೆಂದು ಅವಳು ಅವನ ಬೆನ್ನ ಹಿಂದೆ ಹೋಗಿ ನಿಂತಳು. ಸೂರಿನ ತಗಡಿನ ತೂತಿನಿಂದ ಬಿಸಿಲಕೋಲು ಇಳಿದಿತ್ತು. ತಾಮ್ರದ ಪುಡಿ ಅದರೊಳಗೆ ಮಿನುಗುತ್ತ ತೇಲುತ್ತಿತ್ತು. ನೋಡದಿದ್ದರೂ ಅವಳ ಉಸಿರು ಎಲ್ಲಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ರೋಲರಿನಿಂದ ಪಟ್ಟಿ ಬೆಚ್ಚಗೆ ಹೊರಬಂತು. ಅವಳು ತುದಿ ಬಗ್ಗಿಸಿ ನೋಡಿದಳು. ಬಿಚ್ಚಲಿಲ್ಲ.

"ಈಗ ಮುಟ್ಬಹುದು," ಎಂದು ನೀಡಿದಳು.

ಅವನ ಎಣ್ಣೆಗೈ ಪಟ್ಟಿಯ ಜೊತೆಗೆ ಅವಳ ಬೆರಳುಗಳನ್ನೂ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಸೋಮವಾರ ಕಳದ್ರೆ ನಿಮಗಿಲ್ಲಿ ಕೆಲ್ಸ ಇರಾಕಿಲ್ಲ."

"ಕೆಲ್ಸ ಇದ್ರೇನೇ ಬರ್ಬೇಕಾ, ದಿಲೀಪ್?"

ಸೋಮವಾರದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಳೆತ ತಡೆದದ್ದು ಮೂವತ್ತೆರಡು ಪದರದ ಪಟ್ಟಿ. ಮಂಗಳವಾರ ಹತ್ತೂಕಾಲಿಗೆ ಹೇಮಶ್ರೀ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಬ್ಯಾಗಿನಲ್ಲಿ ಯಾವ ಪಟ್ಟಿಯೂ ಇರಲಿಲ್ಲ.